ಎರವಲು ಇಳಿದಿದೆ ಅಂದರೆ ಜನ ಬರುತ್ತಿಲ್ಲ ಅಂತಲ್ಲ
ಪುಸ್ತಕ ಒಯ್ಯುವವರು ಕಡಿಮೆಯಾಗಿದ್ದಾರೆ, ಗ್ರಂಥಾಲಯದ ಅನುದಾನ ಉಳಿಸಿಕೊಳ್ಳಲು ಏನು ತೋರಿಸಬೇಕು ಅಂತ ಕೇಳಿದ್ದೀರಿ. ಕೂತವರ ತಲೆ ಎಣಿಸಿ. 2 ವಾರ, ಗಂಟೆಗೊಮ್ಮೆ ಒಂದು ಸುತ್ತು ಹಾಕಿ, ಯಾರು ಏನು ಮಾಡುತ್ತಿದ್ದಾರೆ ಅಂತ ಹಾಳೆಯಲ್ಲಿ ಗೀಟು ಹಾಕಿಕೊಳ್ಳಿ: ಪೇಪರ್ ಓದು, ಪರೀಕ್ಷೆ ತಯಾರಿ, ಅರ್ಜಿ ತುಂಬುವುದು, ಮಾತುಕತೆ, ಸುಮ್ಮನೆ ಕೂತಿರುವುದು. ಈ ಕೊನೆಯದನ್ನು ಮಾತ್ರ ಬಿಡಬೇಡಿ. ದುಡ್ಡು ಕೊಡದೆ, ಕಾರಣ ಹೇಳದೆ ಕೂರಲು ಬೇರೆ ಜಾಗ ಎಲ್ಲಿದೆ? ಹೆಸರು ಬರೆಯುವುದು ಬೇಡ, ಜನ ದೂರ ಸರಿಯುತ್ತಾರೆ. ಪರೀಕ್ಷೆ ಹತ್ತಿರದ ವಾರ ಆರಿಸಿದರೆ ಲೆಕ್ಕ ಉಬ್ಬುತ್ತದೆ, ಅನುದಾನದ ಸಭೆಯಲ್ಲಿ ಆಕ್ಷೇಪ ಬಂದೇ ಬರುತ್ತದೆ. ಬಾಗಿಲಲ್ಲಿ ಜನರನ್ನು ಎಣಿಸುವ ಯಂತ್ರ ಇದ್ದು, ಅದು ಬರುವಾಗ, ಹೋಗುವಾಗ ಎರಡೂ ಸಲ ಎಣಿಸುತ್ತಿದ್ದರೆ ಸಿಬ್ಬಂದಿಯ ಓಡಾಟ ಕಳೆದು 2ರಿಂದ ಭಾಗಿಸಿ. ಬಾಗಿಲು ಹಾಕಿದ ಮೇಲೆ ಬಂದು ವಾಪಸಾದವರನ್ನೂ ಬೇರೆ ಕಾಲಂನಲ್ಲಿ ಬರೆದಿಡಿ, ಸಮಯ ವಿಸ್ತರಿಸಲು ಕೇಳುವಾಗ ಬೇಕಾಗುತ್ತದೆ.