ರಾಮಕೃಷ್ಣ ಪರಮಹಂಸರ ಬಾಲ್ಯದ ಭಕ್ತಿ ಎಂತಹದ್ದಾಗಿತ್ತು?

1836ರಲ್ಲಿ ಬಂಗಾಳದ ಕಾಮಾರಪುಕುರದಲ್ಲಿ ಹುಟ್ಟಿದ ಗದಾಧರನೇ ಮುಂದೆ ರಾಮಕೃಷ್ಣರಾದರು. ಆರೇಳು ವರ್ಷದ ಈ ಹುಡುಗ ಮಂಡಕ್ಕಿ ಮೆಲ್ಲುತ್ತ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದಾಗ, ಆಗಸವನ್ನೆಲ್ಲ ಆವರಿಸುತ್ತಿದ್ದ ಕಾರ್ಮುಗಿಲಿನ ಎದುರು ಬೆಳ್ಳಕ್ಕಿಗಳ ಸಾಲೊಂದು ಹಾರಿಹೋಯಿತು. ಆ ಸೊಬಗಿಗೆ ಮೈಮರೆತ ಅವನು ಎಚ್ಚರತಪ್ಪಿ ಬಿದ್ದನು, ಮಂಡಕ್ಕಿ ಸುತ್ತಲೂ ಚೆಲ್ಲಿತು. ಈ ಪ್ರಸಂಗವನ್ನು ಅವರೇ ಮುಂದೆ ಶಿಷ್ಯರಿಗೆ ವಿವರಿಸಿದ್ದರು ಎಂಬುದರಿಂದ ಇದಕ್ಕೆ ನಾನು ಹೆಚ್ಚಿನ ತೂಕ ಕೊಡುತ್ತೇನೆ. ತಂದೆ ಖುದಿರಾಮರು 1843ರಲ್ಲಿ ತೀರಿಕೊಂಡ ಬಳಿಕ, ಪುರಿಗೆ ಹೋಗುವ ಸಾಧುಗಳು ತಂಗುತ್ತಿದ್ದ ಛತ್ರಕ್ಕೆ ಹೋಗಿ, ಅವರಿಗೆ ಸೌದೆ, ನೀರು ತಂದುಕೊಡುತ್ತ ಪುರಾಣಕಥೆಗಳನ್ನು ಕೇಳುವುದು ಅವನಿಗೆ ರೂಢಿಯಾಯಿತು. ಶಿವರಾತ್ರಿಯ ನಾಟಕವೊಂದರಲ್ಲಿ ಶಿವನ ವೇಷ ಧರಿಸಿ ಬಂದವನು ಮಾತೇ ಆಡದೆ ಕಣ್ಣೀರು ಸುರಿಸುತ್ತ ನಿಂತುಬಿಟ್ಟದ್ದರಿಂದ ಆಟವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು.