ಕಪಾಟಿನ ಹಿಂದೆ ಸಿಕ್ಕ ಪೋಸ್ಟರ್ ಟ್ಯೂಬ್‌ಗಳು

ಗುರುತು ಸಿಗಬಾರ್ದು ಅಂತ ಒಂದಷ್ಟು ವಿವರ ಬದಲಾಯಿಸಿದೀನಿ. ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ದು ಗಂಡ ಹೆಂಡತಿ. ಗಂಡನಿಗೆ ಹಳೇ ಚಿತ್ರಕಲಾ ಪ್ರದರ್ಶನಗಳ ಪೋಸ್ಟರ್ ಕೂಡಿಡೋ ಹವ್ಯಾಸ. ಕಪಾಟಿನ ಹಿಂದೆ ಸೀಲೇ ಒಡೆಯದ ರಟ್ಟಿನ ಟ್ಯೂಬ್‌ಗಳ ಸಾಲು ನೋಡಿ ಹೆಂಡತಿಗೆ ಗಾಬರಿ, ಮಗಳ ಫೀಸಿಗೆ ಇಟ್ಟಿದ್ದ ದುಡ್ಡೂ ಅದಕ್ಕೇ ಹೋಗಿತ್ತು. "ಮೇಡಂ, ಇದು ಕಾಯಿಲೆನಾ?" ಅಂದ್ರು.

ಹೋರ್ಡಿಂಗ್, ಅಂದ್ರೆ ಸಾಮಾನು ಗುಡ್ಡೆ ಹಾಕೋದನ್ನ, ಮನೋವೈದ್ಯರು ಬಳಸೋ ಕಾಯಿಲೆಗಳ ಕೈಪಿಡಿ ಡಿಎಸ್ಎಂ-5 2013ರಲ್ಲಿ ಬೇರೆ ಕಾಯಿಲೆ ಅಂತಲೇ ಸೇರಿಸಿದೆ, ಆದ್ರೆ ಅಲ್ಲಿ ಏನನ್ನೂ ಬಿಸಾಡೋಕಾಗದ ಸಂಕಟ ಇರತ್ತೆ, ಮನೆ ತುಂಬಿ ಓಡಾಡೋಕೂ ಜಾಗ ಇರಲ್ಲ. ಇವರದ್ದು ಹಾಗೆ ಕಾಣ್ಲಿಲ್ಲ. 1898ರಲ್ಲಿ ವಿಯೆನ್ನಾ ಸೆಸೆಷನ್ ಅನ್ನೋ ಕಲಾವಿದರ ಗುಂಪಿನ ಮೊದಲ ಪ್ರದರ್ಶನಕ್ಕೆ ಚಿತ್ರಕಾರ ಕ್ಲಿಮ್ಟ್ ಬರೆದ ಪೋಸ್ಟರಲ್ಲಿ ಗ್ರೀಕ್ ಪುರಾಣದ ವೀರ ಥೀಸಿಯಸ್ ಬೆತ್ತಲೆ ಇದ್ದಾನೆ ಅಂತ ಸೆನ್ಸಾರ್‌ನವರು ತಕರಾರು ತೆಗೆದು, ಕೊನೆಗೆ ಕ್ಲಿಮ್ಟ್ ಮರದ ಕಾಂಡ ಅಡ್ಡ ಬರೀಬೇಕಾಯ್ತು ಅನ್ನೋದನ್ನ ಗಂಡ ಅದೆಷ್ಟು ಖುಷಿಯಾಗಿ ಹೇಳಿದ್ರು ಅಂದ್ರೆ ಹೆಂಡತಿನೂ ನಕ್ಕುಬಿಟ್ರು. ಮನೇಲಿ ಇದನ್ನೆಲ್ಲ ಹೇಳೇ ಇರ್ಲಿಲ್ಲವಂತೆ!

ಗಂಡ ಒಬ್ಬರನ್ನೇ ಕೂರಿಸಿ ಕೇಳಿದಾಗ ಅಸಲಿ ವಿಷಯ ಬಂತು. ಪ್ಯಾರಿಸ್ಸಿನ ಮೂರ್ಲೋ ಪ್ರೆಸ್ಸಲ್ಲಿ ಅಚ್ಚಾದ ಲಿಥೋಗ್ರಾಫ್, ಅಂದ್ರೆ ಕಲ್ಲಚ್ಚಿನದ್ದು, ಅಂತ ನಂಬಿ ತಗೊಂಡ ಪಿಕಾಸೊ ಪೋಸ್ಟರನ್ನ ಭೂತಗನ್ನಡಿಲಿ ನೋಡಿದ್ರೆ ಒಂದೇ ಅಳತೆಗೆ ಜೋಡಿಸಿದ ಹಾಗೆ ಬಣ್ಣದ ಸಣ್ಣ ಸಣ್ಣ ಚುಕ್ಕಿ, ಅಂದ್ರೆ ಆಫ್‌ಸೆಟ್ ಮರುಮುದ್ರಣ. ಕಲ್ಲಚ್ಚಿನದ್ದಾಗಿದ್ರೆ ಆ ಚುಕ್ಕಿ ಜಾಲ ಇರ್ತಿರ್ಲಿಲ್ಲ. ಆವತ್ತಿಂದ ಬಂದ ಟ್ಯೂಬ್ ಬಿಚ್ಚೋಕೇ ಭಯ, ಹೋದ ದುಡ್ಡನ್ನ ಒಂದು ಒಳ್ಳೇ ಪೋಸ್ಟರಿಂದ ಸರಿ ಮಾಡ್ಕೋಬೇಕು ಅನ್ನೋ ಹಠ ಬೇರೆ, ಹಾಗಾಗಿ ಎಲ್ರೂ ಮಲಗಿದ ಮೇಲೆ ಆನ್‌ಲೈನ್ ಹರಾಜಲ್ಲಿ ಮತ್ತೆ ಬಿಡ್. ಜೂಜಲ್ಲಿ ಸೋತವರು ಮಾಡೋದೂ ಇದನ್ನೇ, ನನಗೆ ಚಿಂತೆ ಆಗಿದ್ದು ಇಲ್ಲೇ.

ಮೊದಲು ಆ ಪೋಸ್ಟರ್ ವಿಷಯ ಹೆಂಡತಿಗೆ ನೀವೇ ಹೇಳಿ ಅಂದೆ. ಆಮೇಲೆ ಟ್ಯೂಬ್‌ಗಳನ್ನ ಇಬ್ರೂ ಕೂತು ಒಂದೊಂದಾಗಿ ಬಿಚ್ಚೋದು, ಹಳೇ ಕಾಗದ ಸುರುಳಿ ಸುತ್ಕೊಳ್ಳತ್ತೆ, ಒತ್ತಿ ಎಳೀಬಾರ್ದು, ಆಸಿಡ್ ಇಲ್ಲದ ಹಾಳೆಗಳ ಮಧ್ಯೆ ಚಪ್ಪಟೆಯಾಗಿ ಇಟ್ಟು ನಿಧಾನಕ್ಕೆ ಬಿಡಬೇಕು ಅಂತ ಅವರೇ ಹೇಳಿದ್ರು, ಸರಿ, ಅದನ್ನ ಹೆಂಡತಿಗೂ ಕಲಿಸಿ ಅಂದೆ. ಫೋನಲ್ಲಿ ಸೇವ್ ಆಗಿರೋ ಕಾರ್ಡ್ ತೆಗೀರಿ, ರಾತ್ರಿ ಬಿಡ್ ಬೇಡ, ಕೈ ತಡೆಯೋಕೇ ಆಗ್ತಿಲ್ಲ ಅಂದ್ರೆ ಮನೋವೈದ್ಯರ ಹತ್ರ ನಾನೇ ಕಳಿಸ್ತೀನಿ ಅಂತಲೂ ಹೇಳಿದೆ.

ಫೀಸಿನ ದುಡ್ಡು ವಾಪಸ್ ಸೇರೋವರೆಗೂ ಹೊಸದೇನೂ ತಗೊಳ್ಳೋ ಹಾಗಿಲ್ಲ, ಇರೋದರಲ್ಲೇ ಕೆಲವು ಮಾರಬೇಕು. ಯಾವುದನ್ನ ಅಂತ ಅವರೇ ಆರಿಸ್ಲಿ, ನೀವು ಆರಿಸ್ಬೇಡಿ ಅಂದಿದ್ದಕ್ಕೆ ಹೆಂಡತಿ ಸ್ವಲ್ಪ ಮುನಿಸ್ಕೊಂಡ್ರು, ಆದ್ರೂ ಒಪ್ಕೊಂಡ್ರು.