ಕರ್ತನು ಬರುತ್ತಾನೆಂದು ಕೆಲಸ ಬಿಡಬೇಕೆ?

ಪ್ರಶ್ನೆ: ನನ್ನ ತಮ್ಮ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ. ಕೆಲವು ತಿಂಗಳಿಂದ ಯೂಟ್ಯೂಬಿನಲ್ಲಿ ಬರೀ ಅಂತ್ಯಕಾಲದ ಪ್ರಸಂಗ ಕೇಳುತ್ತಾನೆ. ಈಗ ಕೆಲಸವನ್ನೂ ಬಿಟ್ಟಿದ್ದಾನೆ. ‘ಈ ಲೋಕ ಸುಟ್ಟು ಹೋಗುತ್ತೆ ಅಕ್ಕಾ, ಪರಿಶುದ್ಧವಾಗಿ ಇದ್ದು ಪರಲೋಕ ಸೇರೋದಷ್ಟೇ ಮುಖ್ಯ’ ಅಂತಾನೆ. ಅವನ ಹೆಂಡತಿ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದಾಳೆ. ಬುದ್ಧಿ ಹೇಳಿದರೆ ನನಗೇ ನಂಬಿಕೆ ಸಾಲದು ಅಂತಾನೆ. ಪಾಸ್ಟರ್, ಅವನು ಹೇಳುವುದು ಸರಿಯಾ?
– ಒಬ್ಬ ಅಕ್ಕ, ಹುಬ್ಬಳ್ಳಿ

ಉತ್ತರ: ಸಹೋದರಿ, ನಿಮ್ಮ ತಮ್ಮನ ಮಾತಿನಲ್ಲಿ ಅರ್ಧ ಸರಿ ಇದೆ. ಅದನ್ನು ಮೊದಲು ಒಪ್ಪಿಕೊಂಡುಬಿಡಿ, ಜಗಳ ಅಲ್ಲಿಗೇ ಸ್ವಲ್ಪ ತಣ್ಣಗಾಗುತ್ತದೆ. ಪರಲೋಕದ ನಿರೀಕ್ಷೆ ಬಿಟ್ಟರೆ ಕ್ರೈಸ್ತ ನಂಬಿಕೆಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಪರಿಶುದ್ಧತೆ ಇಲ್ಲದೆ ಯಾರೂ ಕರ್ತನನ್ನು ಕಾಣರು ಎಂದು ಇಬ್ರಿಯರಿಗೆ ಬರೆದ ಪತ್ರವೂ ಹೇಳುತ್ತದೆ (12:14). ಆದರೆ ಸ್ಪ್ಯಾನರ್ ಕೆಳಗಿಟ್ಟರೆ ಪರಿಶುದ್ಧನಾಗುತ್ತೇನೆ ಅನ್ನುವುದನ್ನು ಅವನಿಗೆ ಬೈಬಲ್ ಕಲಿಸಿಲ್ಲ.

ಈ ತೊಂದರೆ ಹಳೆಯದು. ಕ್ರಿ.ಶ. 50ರ ಆಸುಪಾಸಿನಲ್ಲಿ ಯೇಸುವಿನ ಅಪೊಸ್ತಲ ಪೌಲನು ಥೆಸಲೋನಿಕದ ಸಭೆಗೆ ಮೊದಲ ಪತ್ರ ಬರೆದ. ಆ ಊರು ಈಗಿನ ಗ್ರೀಸಿನಲ್ಲಿದೆ. ಆ ಪತ್ರದ 4ನೇ ಅಧ್ಯಾಯವನ್ನು ತಮ್ಮನ ಜೊತೆ ಕೂತು ಒಮ್ಮೆ ಪೂರ್ತಿ ಓದಿ. ಕರ್ತನಾದ ಯೇಸು ಇಳಿದು ಬರುವುದು, ಸತ್ತವರು ಏಳುವುದು, ನಾವು ಸದಾ ಆತನ ಜೊತೆ ಇರುವುದು ಎಲ್ಲ ಕೊನೆಯಲ್ಲಿದೆ. ಯೂಟ್ಯೂಬಿನ ಪ್ರಸಂಗಿಗಳು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಅದಕ್ಕೂ ಮುಂಚೆ ಏನಿದೆ? ನೀವು ಪರಿಶುದ್ಧರಾಗಬೇಕೆಂಬುದೇ ದೇವರ ಚಿತ್ತ ಅನ್ನುತ್ತಾನೆ ಪೌಲ. ಅದರ ಅರ್ಥವನ್ನೂ ಬಿಡಿಸಿ ಹೇಳುತ್ತಾನೆ: ದೇಹವನ್ನು ಮಾನದಿಂದ ಕಾಪಾಡಿಕೊಳ್ಳಿ, ಸಹೋದರನಿಗೆ ಮೋಸ ಮಾಡಬೇಡಿ, ಒಬ್ಬರನ್ನೊಬ್ಬರು ಇನ್ನೂ ಜಾಸ್ತಿ ಪ್ರೀತಿಸಿ, ನಿಮ್ಮ ಕೈಯಿಂದಲೇ ದುಡಿಯಿರಿ. ಪರಿಶುದ್ಧತೆ, ದುಡಿಮೆ, ಕರ್ತನ ಬರೋಣ ಮೂರೂ ಒಂದೇ ಅಧ್ಯಾಯದಲ್ಲಿವೆ. ನಿಮ್ಮ ತಮ್ಮ ನಡುವಿನದ್ದನ್ನು ಹಾರಿಸಿಬಿಟ್ಟಿದ್ದಾನೆ, ಅಲ್ವಾ?

ಪೌಲ ಸ್ವತಃ ಗುಡಾರ ಹೊಲಿಯುವವ. ಹಗಲೂ ರಾತ್ರಿ ದುಡಿಯುತ್ತಲೇ ನಿಮಗೆ ಸುವಾರ್ತೆ ಸಾರಿದೆವು ಎಂದು ಅದೇ ಪತ್ರದಲ್ಲಿ ನೆನಪಿಸುತ್ತಾನೆ. ಎರಡನೇ ಪತ್ರದ ಹೊತ್ತಿಗೆ ಕರ್ತನ ದಿನ ಬಂದೇಬಿಟ್ಟಿತು ಎಂಬ ಗಾಳಿಮಾತು ಅಲ್ಲಿ ಹಬ್ಬಿತ್ತು. ಕೆಲವರು ಸುಮ್ನೆ ಅಲೆಯುತ್ತಿದ್ದರು. ಕೆಲಸ ಮಾಡಲು ಒಲ್ಲದವನು ಊಟವನ್ನೂ ಮಾಡದಿರಲಿ ಎಂಬ ಖಾರದ ಮಾತು ಬಂದದ್ದು ಆಗ. (ಇದನ್ನು ಕೆಲಸ ಸಿಗದವರ ಮೇಲೆ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಒಲ್ಲದವರಿಗೆ ಹೇಳಿದ್ದು.)

ಲೋಕ ಸುಟ್ಟು ಹೋಗುತ್ತದೆ ಅನ್ನುವುದು ಪೇತ್ರನ ಎರಡನೇ ಪತ್ರದ 3ನೇ ಅಧ್ಯಾಯದ ಮಾತು. ಆದರೆ ಮಾತು ಬೆಂಕಿಗೆ ನಿಲ್ಲುವುದಿಲ್ಲ. ನೀತಿ ನೆಲೆಸಿರುವ ಹೊಸ ಆಕಾಶ, ಹೊಸ ಭೂಮಿಯನ್ನು ಕಾಯುತ್ತಿದ್ದೇವೆ ಅನ್ನುತ್ತದೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 21ನೇ ಅಧ್ಯಾಯದಲ್ಲೂ ಹೊಸ ಯೆರೂಸಲೇಮ್ ಮೇಲಿನಿಂದ ಇಳಿದು ಬರುತ್ತದೆ, ದೇವರು ಮನುಷ್ಯರ ನಡುವೆ ವಾಸ ಮಾಡುತ್ತಾನೆ. ಪುನರುತ್ಥಾನದ ಬಗ್ಗೆ ಅಷ್ಟುದ್ದ ಬರೆದ ಮೇಲೆ ಪೌಲ (1 ಕೊರಿಂಥ 15) ‘ಆದ್ದರಿಂದ ಆಕಾಶ ನೋಡುತ್ತಾ ಕೂತಿರಿ’ ಅನ್ನುವುದಿಲ್ಲ. ಕರ್ತನ ಕೆಲಸದಲ್ಲಿ ನಿಮ್ಮ ಶ್ರಮ ವ್ಯರ್ಥವಲ್ಲ ಅನ್ನುತ್ತಾನೆ.

ದಿನಾಂಕ ಹೇಳುವ ಪ್ರಸಂಗಿಗಳ ಬಗ್ಗೆ ಅವನನ್ನು ಎಚ್ಚರಿಸಿ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕರ್ತನು ಬರುತ್ತಾನೆಂದು ಕಾದರು. ಕೆಲವರು ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು. ದಕ್ಷಿಣ ಕೊರಿಯಾದಲ್ಲಿ 1992ರ ಅಕ್ಟೋಬರ್ 28 ಎಂದು ನಂಬಿದವರು ಕೆಲಸ ಬಿಟ್ಟರು, ಆಸ್ತಿ ಮಾರಿದರು. ಹಾಗೆ ಸಾರಿದ ಬೋಧಕನಿಗೆ ವಂಚನೆ ಕೇಸಿನಲ್ಲಿ ಶಿಕ್ಷೆಯಾಯಿತು. ಆ ದಿನ ತಂದೆಗೆ ಮಾತ್ರ ಗೊತ್ತು ಎಂದು ಯೇಸುವೇ ಹೇಳಿದ್ದಾನೆ (ಮತ್ತಾಯ 24:36).

ಇನ್ನೊಂದು ವಿಷಯ. ತಮ್ಮ ಸರಿಯಾಗಿ ಮಲಗುತ್ತಾನಾ, ಉಣ್ಣುತ್ತಾನಾ ನೋಡಿ. ಯಾವಾಗಲೂ ಭಯ, ಯಾರೋ ಮಾತಾಡಿದ ಹಾಗೆ ಕೇಳಿಸುವುದು ಇದ್ದರೆ ವಚನ ತೋರಿಸಿ ವಾದ ಮಾಡುತ್ತಾ ಕೂರಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.